ಬಣ್ಣದ ಬೇಲಿ ಬಿತ್ತು, ದುಡ್ಡಿನ ಬೇಲಿ ಉಳೀತು

ಅಮೆರಿಕದಲ್ಲಿ ಕಂಪನಿಗಳು ಚುನಾವಣೆಗೆ ದುಡ್ಡು ಕೊಡುವಂತಿಲ್ಲ ಅಂತ ಇಡೀ ದೇಶಕ್ಕೆ ಮೊದಲ ಸಲ ಕಾನೂನು ತಂದವನ ಹೆಸರು ಗೊತ್ತಾ? ಬೆಂಜಮಿನ್ ಟಿಲ್‌ಮನ್. ಸೌತ್ ಕೆರೊಲಿನಾ ರಾಜ್ಯದ ಸೆನೆಟರ್. 1907ರ ಆ ಕಾಯ್ದೆಯನ್ನು ಇವತ್ತಿಗೂ ಟಿಲ್‌ಮನ್ ಆಕ್ಟ್ ಅಂತಲೇ ಕರೀತಾರೆ. ರಾಜಕೀಯವನ್ನು ಶುದ್ಧ ಮಾಡಲು ಹೊರಟ ಈ ಮಹಾಶಯ ಯಾರು ಅಂದ್ರೆ, 1876ರಲ್ಲಿ ಹ್ಯಾಂಬರ್ಗ್ ಎಂಬ ಊರಿನಲ್ಲಿ ಕಪ್ಪುಜನರನ್ನು ಕೊಂದ ಬಿಳಿಯರ ಗುಂಪಿನಲ್ಲಿ ತಾನೂ ಇದ್ದೆ ಅಂತ ಎದೆ ತಟ್ಟಿಕೊಂಡು ಹೇಳುತ್ತಿದ್ದವನು. ಕಪ್ಪುಜನರನ್ನು ಗುಂಪುಕಟ್ಟಿ ಕೊಲ್ಲೋದನ್ನು ಸೆನೆಟ್ ಸಭೆಯಲ್ಲೇ ನಿಂತು ಸಮರ್ಥಿಸಿದವನು.

ಗೆಳೆಯರೇ, ಇಲ್ಲಿಂದಲೇ ಶುರು ಮಾಡೋದಕ್ಕೆ ಕಾರಣ ಇದೆ. ಚುನಾವಣೆಯ ದುಡ್ಡಿನ ಮಾತು ಬಂದ ಕೂಡಲೇ ಎಲ್ಲರ ಬಾಯಲ್ಲಿ ಬರೋದು ಒಂದೇ ಪದ: ಭ್ರಷ್ಟಾಚಾರ. ಆದರೆ ಭ್ರಷ್ಟಾಚಾರದ ವಿರುದ್ಧ ಗುಡುಗುವವರಿಗೆಲ್ಲ ಸಮಾನತೆ ಬೇಕು ಅಂತ ಏನಿಲ್ಲ. ಟಿಲ್‌ಮನ್‌ಗೆ ಲಂಚ ಬೇಡವಾಗಿತ್ತು. ಕಪ್ಪುಜನರ ಓಟೂ ಬೇಡವಾಗಿತ್ತು. ಅಮೆರಿಕದ ಚುನಾವಣಾ ದುಡ್ಡಿನ ಕಾನೂನುಗಳ ನೂರಿಪ್ಪತ್ತು ವರ್ಷದ ಕಥೆಯಲ್ಲಿ ಈ ಎರಡು ಪ್ರಶ್ನೆಗಳು, ಲಂಚದ ಪ್ರಶ್ನೆ ಮತ್ತು ಸಮಾನತೆಯ ಪ್ರಶ್ನೆ, ಬೇರೆ ಬೇರೆಯಾಗಿಯೇ ಉಳಿದವು. ಅದರ ಫಲವನ್ನು ಇವತ್ತು ಅಲ್ಲಿನ ಬಡವರು, ಕಪ್ಪುಜನ, ಮೂಲನಿವಾಸಿಗಳು ಉಣ್ಣುತ್ತಿದ್ದಾರೆ.

1895ಕ್ಕೆ ಹೋಗೋಣ. ಸೌತ್ ಕೆರೊಲಿನಾದಲ್ಲಿ ಆಗ ಬಿಳಿಯರಿಗಿಂತ ಕಪ್ಪುಜನರ ಸಂಖ್ಯೆ ಹೆಚ್ಚು. ಗುಲಾಮಗಿರಿ ಹೋಗಿ ಓಟಿನ ಹಕ್ಕು ಬಂದಿತ್ತು. ಅದನ್ನು ಕಿತ್ತುಕೊಳ್ಳಲೆಂದೇ ಟಿಲ್‌ಮನ್ ಹೊಸ ರಾಜ್ಯ ಸಂವಿಧಾನ ಬರೆಯುವ ಸಭೆ ಕರೆಸಿದ. ಬಣ್ಣದ ಹೆಸರು ಹೇಳಿ ಓಟು ಕಿತ್ತರೆ ದೇಶದ ಸಂವಿಧಾನದ 15ನೇ ತಿದ್ದುಪಡಿ ಅಡ್ಡ ಬರುತ್ತೆ. ಅದಕ್ಕೆ ಕಂಡುಕೊಂಡ ದಾರಿ ದುಡ್ಡು ಮತ್ತು ಅಕ್ಷರ. ಓಟು ಹಾಕಬೇಕಾದರೆ ತಲೆಗಂದಾಯ ಕಟ್ಟಿರಬೇಕು. ಸಂವಿಧಾನದ ಯಾವುದೇ ಭಾಗ ಕೊಟ್ಟರೂ ಓದಿ ಬರೆಯಬೇಕು, ಇಲ್ಲವಾದರೆ 300 ಡಾಲರ್ ಬೆಲೆಯ ಆಸ್ತಿ ಇರಬೇಕು. ನಿನ್ನೆ ಮೊನ್ನೆವರೆಗೆ ಗುಲಾಮರಾಗಿದ್ದವರಿಗೆ, ಓದೋದನ್ನೇ ಅಪರಾಧ ಮಾಡಿದ್ದ ನಾಡಿನಲ್ಲಿ, ಇದರ ಅರ್ಥ ಏನು ಅಂತ ನಮಗೆ ಯಾರೂ ವಿವರಿಸಬೇಕಿಲ್ಲ.

ಆ ಸಭೆಯಲ್ಲಿ ಆರೇ ಆರು ಮಂದಿ ಕಪ್ಪು ಪ್ರತಿನಿಧಿಗಳಿದ್ದರು. ಅವರಲ್ಲೊಬ್ಬರು ರಾಬರ್ಟ್ ಸ್ಮಾಲ್ಸ್. ಗುಲಾಮನಾಗಿ ಹುಟ್ಟಿ, 1862ರಲ್ಲಿ ಒಡೆಯರ ಸೈನ್ಯದ ಹಡಗನ್ನೇ ರಾತ್ರೋರಾತ್ರಿ ಹೊಡೆದುಕೊಂಡು ಹೆಂಡತಿ ಮಕ್ಕಳ ಸಮೇತ ಬಿಡುಗಡೆ ಪಡೆದ ಮನುಷ್ಯ. ಆಮೇಲೆ ಸಂಸತ್ತಿಗೂ ಆರಿಸಿ ಬಂದವರು. ಟಿಲ್‌ಮನ್ ಎದುರಿಗೇ ನಿಂತು ವಾದಿಸಿದರು, ಸೋತರು, ಆ ಸಂವಿಧಾನಕ್ಕೆ ಸಹಿ ಹಾಕಲ್ಲ ಅಂದರು.

ಈಗ ಟಿಲ್‌ಮನ್ ಆಕ್ಟ್‌ಗೆ ಬರೋಣ. 1896ರ ಅಧ್ಯಕ್ಷ ಚುನಾವಣೆಯಲ್ಲಿ ಮೆಕಿನ್ಲೆ ಪರವಾಗಿ ಮಾರ್ಕ್ ಹ್ಯಾನಾ ಎಂಬ ಉದ್ಯಮಿ ಬ್ಯಾಂಕುಗಳಿಂದ, ದೊಡ್ಡ ಕಂಪನಿಗಳಿಂದ ಕಂದಾಯ ಎತ್ತಿದ ಹಾಗೆ ದೇಣಿಗೆ ಎತ್ತಿದ. ಸ್ಟ್ಯಾಂಡರ್ಡ್ ಆಯಿಲ್ ಒಂದೇ ಎರಡೂವರೆ ಲಕ್ಷ ಡಾಲರ್ ಕೊಟ್ಟಿತು. 1905ರಲ್ಲಿ ವಿಮಾ ಕಂಪನಿಗಳ ತನಿಖೆ ನಡೆದಾಗ, ನ್ಯೂಯಾರ್ಕ್ ಲೈಫ್ ಕಂಪನಿ ಪಾಲಿಸಿದಾರರ ದುಡ್ಡಿನಲ್ಲೇ 48,000 ಡಾಲರ್‌ಗೂ ಹೆಚ್ಚು ಮೊತ್ತವನ್ನು ಥಿಯೋಡರ್ ರೂಸ್‌ವೆಲ್ಟ್ ಅವರ ಪ್ರಚಾರಕ್ಕೆ ಕೊಟ್ಟಿದ್ದು ಬಯಲಾಯಿತು. ಜನ ರೊಚ್ಚಿಗೆದ್ದರು. ಕಂಪನಿ ದೇಣಿಗೆ ನಿಷೇಧಿಸುವ ಮಸೂದೆಯನ್ನು ಮೊದಲು ಬರೆದವರು ನ್ಯೂ ಹ್ಯಾಂಪ್‌ಶೈರ್‌ನ ವಿಲಿಯಂ ಚಾಂಡ್ಲರ್. ಕಪ್ಪುಜನರ ಓಟಿನ ಹಕ್ಕಿನ ಪರ ಇದ್ದ ಹಳೇ ಗುಂಪಿನವರು. ರೈಲ್ವೆ ಕಂಪನಿಯ ಹಗೆ ಕಟ್ಟಿಕೊಂಡು ಸೆನೆಟ್ ಸ್ಥಾನ ಕಳೆದುಕೊಂಡ ಮೇಲೆ ಆ ಮಸೂದೆಯನ್ನು ಟಿಲ್‌ಮನ್ ಕೈಗೆ ಕೊಟ್ಟರು. ಟಿಲ್‌ಮನ್ ಅದನ್ನು ಪಾಸು ಮಾಡಿಸಿದ, ಹೆಸರೂ ಅವನದೇ ಉಳಿಯಿತು.

ಕಾನೂನು ಬಂತು, ಜಾರಿ ಮಾಡೋಕೆ ಒಂದು ಇಲಾಖೆ ಬರಲಿಲ್ಲ. ಮುಂದಿನ ಅರವತ್ತು ವರ್ಷ ಬಂದ ಕಾನೂನುಗಳೂ ಹಾಗೇ. ಲೆಕ್ಕ ಕೊಡಿ ಅನ್ನುತ್ತವೆ, ಲೆಕ್ಕ ನೋಡೋರು ಯಾರೂ ಇಲ್ಲ.

ಇನ್ನು ಲಾಬಿ. ಈ ಪದದ ಅರ್ಥ ಪಡಸಾಲೆ. ಶಾಸನಸಭೆಯ ಪಡಸಾಲೆಯಲ್ಲಿ ನಿಂತು ಜನಪ್ರತಿನಿಧಿಗಳ ಕಿವಿ ಊದೋರ ಕೆಲಸಕ್ಕೆ ಅದೇ ಹೆಸರು ಬಂತು. 1935ರಲ್ಲಿ ವಿದ್ಯುತ್ ಕಂಪನಿಗಳನ್ನು ಹದ್ದುಬಸ್ತಿನಲ್ಲಿಡುವ ಮಸೂದೆ ಬಂದಾಗ ಸಂಸದರಿಗೆ ವಿರೋಧದ ಟೆಲಿಗ್ರಾಂಗಳ ಮಳೆ ಸುರಿಯಿತು. ಜನಾಭಿಪ್ರಾಯ ಅಂತಲೇ ಎಲ್ಲರೂ ಅಂದುಕೊಂಡರು. ಸೆನೆಟ್ ತನಿಖೆ ಮಾಡಿಸಿ ನೋಡಿದರೆ ಸಾವಿರಾರು ಟೆಲಿಗ್ರಾಂ ನಕಲಿ. ಊರಿನ ವಿಳಾಸ ಪುಸ್ತಕದಿಂದ ಹೆಸರು ಎತ್ತಿ ಕಂಪನಿಗಳೇ ಕಳಿಸಿದ್ದವು. ಜನರ ಹೆಸರು, ಕಂಪನಿಯ ದನಿ. 1946ರಲ್ಲಿ ಲಾಬಿ ಮಾಡೋರು ಹೆಸರು ನೋಂದಾಯಿಸಬೇಕು ಅಂತ ಕಾನೂನು ಬಂತು. 1954ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎಷ್ಟು ಕಿರಿದಾಗಿ ಅರ್ಥೈಸಿತು ಅಂದ್ರೆ ತಪ್ಪಿಸಿಕೊಳ್ಳೋದು ಸುಲಭವಾಯಿತು.

ಇದು ಲಂಚದ ಪ್ರಶ್ನೆಯ ಇತಿಹಾಸ. ಅದೇ ಕಾಲಕ್ಕೆ ಸಮಾನತೆಯ ಪ್ರಶ್ನೆಯನ್ನು ಹೊತ್ತು ನಡೆದವರು ಬೇರೆ. ಅವರಲ್ಲಿ ಒಬ್ಬರನ್ನು ನಾವು ನೆನಪಿಟ್ಟುಕೊಳ್ಳಲೇಬೇಕು: ಥರ್ಗುಡ್ ಮಾರ್ಷಲ್. ಕಪ್ಪುಜನರ ಹಕ್ಕಿನ ಸಂಘಟನೆಯ ವಕೀಲರು. ಶಾಲೆಗಳಲ್ಲಿ ಬಣ್ಣಭೇದವನ್ನು ಹೊಡೆದುಹಾಕಿದ 1954ರ ಬ್ರೌನ್ ಮೊಕದ್ದಮೆ ಗೆದ್ದವರು ಅಂತ ನಮ್ಮಲ್ಲಿ ಹಲವರಿಗೆ ಗೊತ್ತು. ಅದಕ್ಕೂ ಹತ್ತು ವರ್ಷ ಮೊದಲಿನ ಅವರ ಇನ್ನೊಂದು ಗೆಲುವು ಅಷ್ಟಾಗಿ ಗೊತ್ತಿಲ್ಲ.

ಟೆಕ್ಸಸ್‌ನಲ್ಲಿ ಆಗ ಡೆಮಾಕ್ರಟಿಕ್ ಪಕ್ಷ ಬಿಟ್ಟರೆ ಬೇರೆಯವರು ಗೆಲ್ಲುತ್ತಿರಲಿಲ್ಲ. ಹಾಗಾಗಿ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಪ್ರೈಮರಿಯೇ ನಿಜವಾದ ಚುನಾವಣೆ. ಪಕ್ಷ ಏನು ಮಾಡ್ತು? 'ನಮ್ಮದು ಖಾಸಗಿ ಸಂಘ, ಬಿಳಿಯರಷ್ಟೇ ಸದಸ್ಯರು' ಅಂತು. ಕಪ್ಪುಜನ ನವೆಂಬರ್‌ನಲ್ಲಿ ಬಂದು ಓಟು ಹಾಕಬಹುದು, ಆದರೆ ಯಾರು ಗೆಲ್ಲಬೇಕು ಅನ್ನೋದು ಅಷ್ಟೊತ್ತಿಗೆ ತೀರ್ಮಾನ ಆಗಿಹೋಗಿರುತ್ತೆ. ಹ್ಯೂಸ್ಟನ್‌ನ ದಂತವೈದ್ಯ ಲೋನಿ ಸ್ಮಿತ್ ಕೋರ್ಟಿಗೆ ಹೋದರು. ಮಾರ್ಷಲ್ ವಾದಿಸಿದರು. 1944ರಲ್ಲಿ ಸುಪ್ರೀಂ ಕೋರ್ಟ್ 'ಬಿಳಿ ಪ್ರೈಮರಿ'ಯನ್ನು ರದ್ದು ಮಾಡಿತು. ಅಂತಿಮ ಓಟು ಇದ್ದರೆ ಸಾಲದು, ಅಭ್ಯರ್ಥಿ ತಯಾರಾಗುವ ಜಾಗದಲ್ಲೂ ಪ್ರವೇಶ ಇರಬೇಕು ಅನ್ನೋದು ಆ ತೀರ್ಪಿನ ತಿರುಳು. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತೆ.

ಉಳಿದದ್ದು ತಲೆಗಂದಾಯ. 1964ರ 24ನೇ ತಿದ್ದುಪಡಿ ಕೇಂದ್ರದ ಚುನಾವಣೆಗಳಲ್ಲಿ ಅದನ್ನು ತೆಗೆದುಹಾಕಿತು, ರಾಜ್ಯದ ಚುನಾವಣೆಗಳಲ್ಲಿ ಇನ್ನೂ ಇತ್ತು. ವರ್ಜೀನಿಯಾದಲ್ಲಿ ಒಂದೂವರೆ ಡಾಲರ್. ಮನೆಗೆಲಸ ಮಾಡಿ ಬದುಕಿದ್ದ ಆ್ಯನಿ ಹಾರ್ಪರ್, ಬಟ್ಟೆ ಹೊಲಿದು ಸಂಸಾರ ಸಾಗಿಸುತ್ತಿದ್ದ ಎವೆಲಿನ್ ಬಟ್ಸ್, ಈ ಕಪ್ಪು ಹೆಣ್ಣುಮಕ್ಕಳು ಮೊಕದ್ದಮೆ ಹೂಡಿದರು. ಸರ್ಕಾರದ ಸಾಲಿಸಿಟರ್ ಜನರಲ್ ಆಗಿದ್ದ ಮಾರ್ಷಲ್ ಅಲ್ಲೂ ಅವರ ಪರವಾಗಿ ವಾದಿಸಿದರು. 1966ರಲ್ಲಿ ಕೋರ್ಟ್ ಹೇಳಿತು: ಮನುಷ್ಯನ ಬಣ್ಣಕ್ಕೂ ಓಟಿನ ಅರ್ಹತೆಗೂ ಹೇಗೆ ಸಂಬಂಧ ಇಲ್ಲವೋ, ಅವನ ಸಂಪತ್ತಿಗೂ ಹಾಗೇ ಸಂಬಂಧ ಇಲ್ಲ.

ಎಷ್ಟು ದೊಡ್ಡ ಮಾತು! ಬಣ್ಣದ ಬೇಲಿಯನ್ನೂ ದುಡ್ಡಿನ ಬೇಲಿಯನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದ ತೀರ್ಪು. ಅಲ್ಲಿಂದ ಮುಂದೆ ಹೋಗಿದ್ದರೆ ಅಮೆರಿಕದ ಕಥೆಯೇ ಬೇರೆಯಾಗುತ್ತಿತ್ತು. ಹತ್ತೇ ವರ್ಷಕ್ಕೆ ಅದೇ ಕೋರ್ಟ್ ಬೇರೆ ದಾರಿ ಹಿಡಿಯಿತು.

ನಡುವೆ ವಾಟರ್‌ಗೇಟ್ ಬಂತು. ನಿಕ್ಸನ್ ಮರು ಆಯ್ಕೆಗೆ ಕೂಡಿಸಿದ ದುಡ್ಡು ಕಳ್ಳತನಕ್ಕೆ ನುಗ್ಗಿದವರ ಕೈಗೆ ಹೋಗಿತ್ತು. ಅಮೆರಿಕನ್ ಏರ್‌ಲೈನ್ಸ್‌ನಂಥ ಕಂಪನಿಗಳು ಕಾನೂನುಬಾಹಿರವಾಗಿ ದೇಣಿಗೆ ಕೊಟ್ಟೆವು ಅಂತ ಒಪ್ಪಿಕೊಂಡವು. ಹಾಲು ಉತ್ಪಾದಕರ ಸಂಘಗಳು 20 ಲಕ್ಷ ಡಾಲರ್ ಕೊಡುವ ಮಾತು ಕೊಟ್ಟಿದ್ದವು, 1971ರ ಮಾರ್ಚ್‌ನಲ್ಲಿ ಸರ್ಕಾರ ಹಾಲಿನ ಬೆಂಬಲ ಬೆಲೆ ಏರಿಸಿತ್ತು. ಈ ರೊಚ್ಚಿನಲ್ಲೇ 1974ರಲ್ಲಿ ಗಟ್ಟಿ ಕಾನೂನು ಬಂತು. ಒಬ್ಬ ವ್ಯಕ್ತಿ ಒಬ್ಬ ಅಭ್ಯರ್ಥಿಗೆ ಒಂದು ಚುನಾವಣೆಗೆ 1,000 ಡಾಲರ್‌ಗಿಂತ ಹೆಚ್ಚು ಕೊಡುವಂತಿಲ್ಲ. ಅಭ್ಯರ್ಥಿಗಳ ಖರ್ಚಿಗೂ ಮಿತಿ. ಶ್ರೀಮಂತ ಅಭ್ಯರ್ಥಿ ಸ್ವಂತ ಜೇಬಿನಿಂದ ಸುರಿಯೋದಕ್ಕೂ ಮಿತಿ. ಇದನ್ನೆಲ್ಲ ನೋಡಿಕೊಳ್ಳಲು ಒಂದು ಚುನಾವಣಾ ಆಯೋಗ. 1978ರಲ್ಲಿ ಅಧಿಕಾರಿಗಳು, ನ್ಯಾಯಮೂರ್ತಿಗಳು ತಮ್ಮ ಆಸ್ತಿ, ಉಡುಗೊರೆ ಘೋಷಿಸಬೇಕು ಅನ್ನುವ ನೀತಿ ಕಾಯ್ದೆಯೂ ಬಂತು.

ಆ 1974ರ ಕಾನೂನನ್ನು 1976ರ ಬಕ್ಲಿ ತೀರ್ಪು ಅರ್ಧಕ್ಕೆ ಕತ್ತರಿಸಿತು. ದೇಣಿಗೆಗೆ ಮಿತಿ ಇರಬಹುದು, ಯಾಕಂದ್ರೆ ದೇಣಿಗೆ ಲಂಚವಾಗಬಹುದು. ಆದರೆ ಖರ್ಚಿಗೆ ಮಿತಿ ಹಾಕುವಂತಿಲ್ಲ, ಖರ್ಚು ಮಾಡೋದು ಮಾತಾಡುವ ಸ್ವಾತಂತ್ರ್ಯದ ಭಾಗ. ಕೆಲವರ ದನಿ ತಗ್ಗಿಸಿ ಇನ್ನು ಕೆಲವರ ದನಿ ಎತ್ತರಿಸುವ ಯೋಚನೆಯೇ ನಮ್ಮ ಸಂವಿಧಾನದ ಮೊದಲ ತಿದ್ದುಪಡಿಗೆ ಪರಕೀಯ ಅಂತು ಕೋರ್ಟ್. ಅಂದರೆ, ಲಂಚ ತಡೆಯಲು ಕಾನೂನು ಮಾಡಬಹುದು. ಸಮಾನತೆಗಾಗಿ ಮಾಡುವಂತಿಲ್ಲ!

ಮಾರ್ಷಲ್ ಆಗ ಸುಪ್ರೀಂ ಕೋರ್ಟಿನ ಮೊದಲ ಕಪ್ಪು ನ್ಯಾಯಮೂರ್ತಿ. ಬಕ್ಲಿ ತೀರ್ಪಿನ ಬಹುಪಾಲನ್ನು ಅವರೂ ಒಪ್ಪಿದ್ದರು. ಆದರೆ ಶ್ರೀಮಂತ ಅಭ್ಯರ್ಥಿ ಸ್ವಂತ ದುಡ್ಡು ಎಷ್ಟು ಬೇಕಾದರೂ ಸುರಿಯಬಹುದು ಅನ್ನೋ ಭಾಗಕ್ಕೆ ಒಪ್ಪಲಿಲ್ಲ. ರಾಜಕೀಯದ ಅಂಗಳಕ್ಕೆ ಎಲ್ಲರಿಗೂ ಸಮಾನ ಪ್ರವೇಶ ಇರಬೇಕು, ಇದೆ ಅಂತ ಜನರಿಗೆ ಕಾಣಲೂ ಬೇಕು ಅಂತ ಬರೆದರು. 1985ರ ಹೊತ್ತಿಗೆ ಇನ್ನೂ ಮುಂದೆ ಹೋದರು: ದೇಣಿಗೆಗೂ ಖರ್ಚಿಗೂ ಕೋರ್ಟ್ ಎಳೆದ ಗೆರೆಯನ್ನೇ ತಾನೀಗ ಒಪ್ಪಲ್ಲ ಅಂದರು. 1990ರಲ್ಲಿ ಆಸ್ಟಿನ್ ಮೊಕದ್ದಮೆಯಲ್ಲಿ ಬಹುಮತದ ತೀರ್ಪು ಬರೆಯುವ ಅವಕಾಶ ಅವರದಾಯಿತು. ಕಂಪನಿ ಎಂಬ ರೂಪದಿಂದ ರಾಶಿ ಬಿದ್ದ ಸಂಪತ್ತಿಗೂ ಆ ಕಂಪನಿಯ ರಾಜಕೀಯ ಅಭಿಪ್ರಾಯಕ್ಕೆ ಜನರಲ್ಲಿರುವ ಬೆಂಬಲಕ್ಕೂ ಸಂಬಂಧ ಇಲ್ಲ, ಆ ರಾಶಿ ಚುನಾವಣೆಯನ್ನು ವಿಕಾರ ಮಾಡುತ್ತೆ, ಹಾಗಾಗಿ ತಡೆ ಹಾಕಬಹುದು ಅನ್ನೋದು ಅದರ ಸಾರ.

ನೋಡಿ, 1944, 1966, 1990. ಒಂದೇ ವಾದ. ಅಭ್ಯರ್ಥಿ ತಯಾರಾಗುವ ಜಾಗದಿಂದಲೇ ಜನರನ್ನು ಹೊರಗಿಟ್ಟರೆ ಓಟು ಕೈಯಲ್ಲಿದ್ದೂ ಇಲ್ಲದಂತೆ. ಟೆಕ್ಸಸ್‌ನಲ್ಲಿ ಆ ಜಾಗಕ್ಕೆ ಬಿಳಿ ಚರ್ಮ ಬೇಕಿತ್ತು. ಈಗ ದೇಣಿಗೆದಾರರ ಪಟ್ಟಿ ಬೇಕು. ಜೇಮಿ ರಾಸ್ಕಿನ್ ಮತ್ತು ಜಾನ್ ಬೋನಿಫಾಜ್ ಎಂಬ ಕಾನೂನು ತಜ್ಞರು 1993ರಲ್ಲಿ ಇದಕ್ಕೆ ಸರಿಯಾದ ಹೆಸರನ್ನೇ ಇಟ್ಟರು: 'ಸಂಪತ್ತಿನ ಪ್ರೈಮರಿ'.

ಅಮೆರಿಕದ ಕೇಂದ್ರ ಬ್ಯಾಂಕಿನ 2022ರ ಸಮೀಕ್ಷೆ ಪ್ರಕಾರ ಮಧ್ಯಮ ಸ್ಥಾನದ ಬಿಳಿ ಕುಟುಂಬದ ಸಂಪತ್ತು ಸುಮಾರು 2,85,000 ಡಾಲರ್, ಕಪ್ಪು ಕುಟುಂಬದ್ದು ಸುಮಾರು 45,000. ಆರು ಪಟ್ಟು ವ್ಯತ್ಯಾಸ. ಗುಲಾಮಗಿರಿಯ ಕೂಲಿ ಕೊಡದೆ, ಭೂಮಿ ಕೊಡದೆ, ಸಾಲ ಕೊಡದೆ ಕಟ್ಟಿದ ವ್ಯತ್ಯಾಸ ಅದು. ಇಂಥ ಕಡೆ 'ದುಡ್ಡೇ ಮಾತು' ಅಂದರೆ ಒಬ್ಬನ ಬಾಯಿಗೆ ಧ್ವನಿವರ್ಧಕ ಕಟ್ಟಿ ಇನ್ನೊಬ್ಬನ ಬಾಯಿಗೆ ಬಟ್ಟೆ ತುರುಕಿದ ಹಾಗೆ.

1991ರಲ್ಲಿ ಮಾರ್ಷಲ್ ನಿವೃತ್ತರಾದರು. ಅವರ ಜಾಗಕ್ಕೆ ಬಂದವರು ಕ್ಲಾರೆನ್ಸ್ ಥಾಮಸ್. ಇವರೂ ಕಪ್ಪುಜನರಲ್ಲಿ ಹುಟ್ಟಿದವರೇ. 2010ರ ಜನವರಿಯಲ್ಲಿ ಸಿಟಿಜನ್ಸ್ ಯುನೈಟೆಡ್ ಮೊಕದ್ದಮೆಯಲ್ಲಿ 5-4 ಬಹುಮತದ ತೀರ್ಪು ಮಾರ್ಷಲ್ ಬರೆದ ಆಸ್ಟಿನ್ ತೀರ್ಪನ್ನು ರದ್ದು ಮಾಡಿತು. ಆ ಐವರಲ್ಲಿ ಥಾಮಸ್ ಒಬ್ಬರು. ಅಭ್ಯರ್ಥಿಯ ಕೈಗೆ ಕೊಡದೆ ಸ್ವತಂತ್ರವಾಗಿ ಖರ್ಚು ಮಾಡೋದಾದರೆ ಕಂಪನಿಗಳು ಎಷ್ಟು ಬೇಕಾದರೂ ಸುರಿಯಬಹುದು ಅಂತಾಯಿತು. ದುಡ್ಡು ಕೊಟ್ಟವರ ಹೆಸರು ಬಹಿರಂಗವಾಗಲಿ ಅಂತ ಉಳಿದ ಎಂಟು ಜನ ಒಪ್ಪಿದರು. ಅದೂ ಬೇಡ ಅಂದವರು ಥಾಮಸ್ ಒಬ್ಬರೇ. ಪ್ರಾತಿನಿಧ್ಯ ಅಂದ್ರೆ ಬರೀ ನಮ್ಮವರ ಮುಖ ಕಾಣೋದಷ್ಟೇ ಅಲ್ಲ ಅನ್ನೋದಕ್ಕೆ ಇದಕ್ಕಿಂತ ಉದಾಹರಣೆ ಬೇಕಾ?

ಅದೇ ವರ್ಷ 'ಸೂಪರ್ ಪ್ಯಾಕ್'ಗಳು ಹುಟ್ಟಿದವು. ಮಿತಿಯಿಲ್ಲದೆ ದುಡ್ಡು ತಗೊಂಡು ಮಿತಿಯಿಲ್ಲದೆ ಖರ್ಚು ಮಾಡುವ ಸಮಿತಿಗಳು. 2013ರಲ್ಲಿ ಇದೇ ಕೋರ್ಟ್ 5-4ರಲ್ಲಿ ಕಪ್ಪುಜನರ ಓಟು ಕಾಯುತ್ತಿದ್ದ 1965ರ ಮತದಾನ ಹಕ್ಕು ಕಾಯ್ದೆಯ ಮುಖ್ಯ ಭಾಗವನ್ನು ನಿಷ್ಕ್ರಿಯ ಮಾಡಿತು. ಒಂದು ಕೈಯಲ್ಲಿ ದುಡ್ಡಿಗೆ ಬಾಗಿಲು ತೆರೆದು, ಇನ್ನೊಂದು ಕೈಯಲ್ಲಿ ಓಟಿನ ಕಾವಲು ತೆಗೆಯಿತು. 2024ರ ಚುನಾವಣೆಯಲ್ಲಿ ಇಲಾನ್ ಮಸ್ಕ್ ಎಂಬ ಒಬ್ಬನೇ ವ್ಯಕ್ತಿ 25 ಕೋಟಿ ಡಾಲರ್‌ಗೂ ಹೆಚ್ಚು ಸುರಿದ. 2025ರಲ್ಲಿ ಸರ್ಕಾರದ ಇಲಾಖೆಗಳನ್ನು ಕತ್ತರಿಸುವ ಕೆಲಸದಲ್ಲಿ ಮುಂದಾಳಾಗಿ ಕೂತ. ಅವನ ಕಂಪನಿಗೆ ಸರ್ಕಾರದ್ದೇ ದೊಡ್ಡ ದೊಡ್ಡ ಗುತ್ತಿಗೆಗಳಿವೆ.

ಸರಿ, ಸಮಾನತೆ ಬಿಟ್ಟರು, ಲಂಚವನ್ನಾದರೂ ತಡೆದರಾ? ಅದೂ ಇಲ್ಲ. ವರ್ಜೀನಿಯಾದ ರಾಜ್ಯಪಾಲರಾಗಿದ್ದ ಬಾಬ್ ಮೆಕ್‌ಡೊನೆಲ್ ಮತ್ತು ಅವರ ಹೆಂಡತಿ ಒಬ್ಬ ಉದ್ಯಮಿಯಿಂದ ರೋಲೆಕ್ಸ್ ವಾಚು, ಸಾಲ, ಬಟ್ಟೆಬರೆ ಸೇರಿ 1,75,000 ಡಾಲರ್‌ನಷ್ಟು ಪಡೆದಿದ್ದರು. 2016ರಲ್ಲಿ ಕೋರ್ಟ್ ಒಮ್ಮತದಿಂದ ಅವರ ಶಿಕ್ಷೆ ರದ್ದು ಮಾಡಿತು. ಯಾರನ್ನೋ ಯಾರಿಗೋ ಭೇಟಿ ಮಾಡಿಸೋದು 'ಅಧಿಕೃತ ಕೃತ್ಯ' ಅಲ್ಲವಂತೆ. ಇಂಡಿಯಾನಾದ ಒಂದು ಊರಿನ ಮೇಯರ್ ಟ್ರಕ್ ಕಂಪನಿಗೆ ಗುತ್ತಿಗೆ ಕೊಡಿಸಿ, ಆಮೇಲೆ 13,000 ಡಾಲರ್ ಪಡೆದ. 2024ರಲ್ಲಿ ಕೋರ್ಟ್ 6-3ರಲ್ಲಿ ಹೇಳಿತು: ಕೆಲಸಕ್ಕೆ ಮುಂಚೆ ಕೊಟ್ಟರೆ ಲಂಚ, ಆದ ಮೇಲೆ ಕೊಟ್ಟರೆ ಬಕ್ಷೀಸು, ಕೇಂದ್ರದ ಈ ಕಾನೂನು ಬಕ್ಷೀಸಿಗೆ ಅನ್ವಯಿಸಲ್ಲ. ಇದಕ್ಕೆ ಭಿನ್ನಮತದ ತೀರ್ಪು ಬರೆದವರು ಕೆಟಾಂಜಿ ಬ್ರೌನ್ ಜಾಕ್ಸನ್, ಆ ಕೋರ್ಟಿನ ಮೊದಲ ಕಪ್ಪು ಮಹಿಳಾ ನ್ಯಾಯಮೂರ್ತಿ.

ನ್ಯಾಯಮೂರ್ತಿಗಳ ನೀತಿಯ ಕಥೆಯೂ ಅಷ್ಟೇ. ಥಾಮಸ್ ಅವರು ಟೆಕ್ಸಸ್‌ನ ಕೋಟ್ಯಧಿಪತಿಯೊಬ್ಬನ ವಿಮಾನ, ಹಡಗಿನಲ್ಲಿ ವರ್ಷಗಟ್ಟಲೆ ಪ್ರವಾಸ ಮಾಡಿದ್ದನ್ನು ಘೋಷಿಸಿರಲಿಲ್ಲ ಅಂತ 2023ರಲ್ಲಿ ಪ್ರೊಪಬ್ಲಿಕಾ ವರದಿ ಮಾಡಿತು. ಆಪ್ತ ಸ್ನೇಹಿತರ ಆತಿಥ್ಯ, ಘೋಷಿಸಬೇಕಿಲ್ಲ ಅಂತ ಸಲಹೆ ಸಿಕ್ಕಿತ್ತು ಅಂದರು ಅವರು. ಆ ನವೆಂಬರ್‌ನಲ್ಲಿ ಕೋರ್ಟ್ ತನಗೊಂದು ನೀತಿ ಸಂಹಿತೆ ಬರೆದುಕೊಂಡಿತು. ಜಾರಿ ಮಾಡೋರು ಯಾರೂ ಇಲ್ಲ. 1907ರ ರೋಗವೇ!

ಇದರ ಭಾರ ಯಾರ ಮೇಲೆ ಬೀಳುತ್ತೆ ಅನ್ನೋದಕ್ಕೆ ಜ್ಯಾಕ್ ಅಬ್ರಮಾಫ್ ಎಂಬ ಲಾಬಿದಾರನ ಕಥೆ ಸಾಕು. ಮೂಲನಿವಾಸಿ ಬುಡಕಟ್ಟುಗಳಿಗೆ ಆದಾಯ ತರುತ್ತಿದ್ದ ಕ್ಯಾಸಿನೋಗಳನ್ನು ಉಳಿಸಿಕೊಡ್ತೀನಿ ಅಂತ ಅವನೂ ಅವನ ಜೊತೆಗಾರನೂ ಸುಮಾರು 8 ಕೋಟಿ ಡಾಲರ್ ವಸೂಲಿ ಮಾಡಿದರು. ಟೆಕ್ಸಸ್‌ನ ಟಿಗುವಾ ಬುಡಕಟ್ಟಿನ ಕ್ಯಾಸಿನೋ ಮುಚ್ಚಿಸಲು ಒಳಗಿಂದೊಳಗೆ ಕೆಲಸ ಮಾಡಿ, ಆಮೇಲೆ ಅದೇ ಜನರ ಬಳಿ ಹೋಗಿ ತೆರೆಸಿಕೊಡ್ತೀನಿ ಅಂತ 42 ಲಕ್ಷ ಡಾಲರ್ ಪಡೆದರು. ಮಿಂಚಂಚೆಗಳಲ್ಲಿ ಆ ಜನರನ್ನೇ 'ಮಂಗಗಳು' ಅಂತ ಬೈದಿದ್ದ. 2006ರಲ್ಲಿ ತಪ್ಪೊಪ್ಪಿಕೊಂಡು ಜೈಲಿಗೆ ಹೋದ. 2007ರಲ್ಲಿ ಉಡುಗೊರೆ ನಿಷೇಧದ ಹೊಸ ಕಾನೂನು ಬಂತು, ಸೆನೆಟರ್‌ಗಳು ಸ್ಥಾನ ಬಿಟ್ಟ ಎರಡು ವರ್ಷ ಲಾಬಿ ಮಾಡುವಂತಿಲ್ಲ ಅಂತಾಯಿತು. ಲಾಬಿ ಮಾತ್ರ ಬೆಳೆಯುತ್ತಲೇ ಇದೆ, ಈಗ ವರ್ಷಕ್ಕೆ 400 ಕೋಟಿ ಡಾಲರ್‌ಗೂ ಮೀರಿದ ದಂಧೆ. ಆ ಬುಡಕಟ್ಟುಗಳು ಲಾಬಿದಾರನ ಬಳಿ ಯಾಕೆ ಹೋಗಬೇಕಿತ್ತು ಅನ್ನೋ ಪ್ರಶ್ನೆಯನ್ನು ಯಾವ ಕಾನೂನೂ ಕೇಳಲಿಲ್ಲ. ತಮ್ಮ ಪ್ರತಿನಿಧಿಯ ಬಾಗಿಲು ತಮಗೆ ನೇರವಾಗಿ ತೆರೆಯಲ್ಲ ಅಂತ ಅವರಿಗೆ ಗೊತ್ತಿತ್ತು, ಅದಕ್ಕೇ ಹೋದರು.

ಬೇರೆ ದಾರಿ ಇಲ್ಲವಾ? ಇದೆ. ಸಿಯಾಟಲ್ ನಗರದ ಜನ 2015ರಲ್ಲಿ ಓಟು ಹಾಕಿ ಒಂದು ಪದ್ಧತಿ ತಂದರು. ನಗರ ಚುನಾವಣೆ ಬಂದಾಗ ಅರ್ಹ ನಿವಾಸಿಗಳಿಗೆ 25 ಡಾಲರ್‌ನ ನಾಲ್ಕು 'ಪ್ರಜಾಪ್ರಭುತ್ವ ವೋಚರ್'ಗಳು ಸಿಗುತ್ತವೆ, ಇಷ್ಟ ಬಂದ ಅಭ್ಯರ್ಥಿಗೆ ಕೊಡಬಹುದು. ದುಡ್ಡು ಆಸ್ತಿ ತೆರಿಗೆಯಿಂದ ಬರುತ್ತೆ. ವೋಚರ್ ತಗೊಳ್ಳೋ ಅಭ್ಯರ್ಥಿ ಖರ್ಚಿನ ಮಿತಿಗೆ ಒಪ್ಪಬೇಕು. ಬಾಡಿಗೆ ಮನೆಯವನ ಕೈಲೂ, ಕೆಲಸ ಕಳೆದುಕೊಂಡವನ ಕೈಲೂ ಅದೇ ನೂರು ಡಾಲರ್. ಸಿರಿವಂತರ ಬಾಯಿ ಮುಚ್ಚಿಸಲಿಲ್ಲ, ಬಡವರಿಗೂ ದನಿ ಕೊಟ್ಟರು.

2023ರ ಫೆಬ್ರವರಿಯಲ್ಲಿ ಕ್ಷಮಾ ಸಾವಂತ್ ಮಂಡಿಸಿದ ಕಾನೂನಿನ ಮೂಲಕ ಜಾತಿ ತಾರತಮ್ಯ ನಿಷೇಧಿಸಿದ ಅಮೆರಿಕದ ಮೊದಲ ನಗರವೂ ಇದೇ ಸಿಯಾಟಲ್. ವೋಚರಿನಿಂದಲೇ ಈ ಕಾನೂನು ಬಂತು ಅಂತ ನಾನು ಹೇಳ್ತಿಲ್ಲ, ಅದು ಬೀದಿಗಿಳಿದು ಹೋರಾಡಿದವರ ಫಲ. 2019ರಲ್ಲಿ ಅಮೆಜಾನ್ ಕಂಪನಿ ನಗರಸಭೆ ಚುನಾವಣೆಗೆ ಸುಮಾರು 15 ಲಕ್ಷ ಡಾಲರ್ ಸುರಿದರೂ ಸಾವಂತ್ ಗೆದ್ದಿದ್ದರು ಅನ್ನೋದು ಮಾತ್ರ ನೆನಪಿರಲಿ. ಅದೇ 2023ರಲ್ಲಿ ಕ್ಯಾಲಿಫೋರ್ನಿಯಾದ ಶಾಸನಸಭೆ ಜಾತಿ ತಾರತಮ್ಯ ವಿರೋಧಿ ಮಸೂದೆ ಪಾಸು ಮಾಡಿದಾಗ ರಾಜ್ಯಪಾಲ ನ್ಯೂಸಮ್ ಅದಕ್ಕೆ ಅಂಕಿತ ಹಾಕಲಿಲ್ಲ, ಈಗಿರುವ ಕಾನೂನೇ ಸಾಕು ಅಂದರು. ಕಡಲಾಚೆ ಹೋದ ನಮ್ಮವರ ಬದುಕೂ ಈ ಪಡಸಾಲೆಗಳಲ್ಲೇ ತೀರ್ಮಾನ ಆಗ್ತಿದೆ.

ಕೊನೆಯದಾಗಿ ನಮ್ಮ ಮನೆಯ ಮಾತು. ಬಾಬಾಸಾಹೇಬರು 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಎಚ್ಚರಿಸಿದ್ದು ಇದನ್ನೇ. ರಾಜಕೀಯದಲ್ಲಿ ಒಬ್ಬ ಮನುಷ್ಯ, ಒಂದು ಓಟು, ಒಂದು ಮೌಲ್ಯ. ಸಾಮಾಜಿಕ, ಆರ್ಥಿಕ ಬದುಕಿನಲ್ಲಿ ಅಸಮಾನತೆ. ಈ ವೈರುಧ್ಯ ಹೆಚ್ಚು ಕಾಲ ನಡೆಯಲ್ಲ ಅಂದರು. 2024ರ ಫೆಬ್ರವರಿ 15ರಂದು ನಮ್ಮ ಸುಪ್ರೀಂ ಕೋರ್ಟ್ ಚುನಾವಣಾ ಬಾಂಡ್‌ಗಳನ್ನು ರದ್ದು ಮಾಡಿದಾಗ, ಕಂಪನಿಗಳ ಮಿತಿಯಿಲ್ಲದ ದೇಣಿಗೆಯನ್ನೂ ರದ್ದು ಮಾಡಿತು. ಆ ತೀರ್ಪು ಮಾಹಿತಿ ಹಕ್ಕಿನ ಬಗ್ಗೆ ಮಾತ್ರ ಅಂತ ಬಹಳ ಜನ ಓದಿಕೊಂಡರು. ಅದರಲ್ಲಿ ರಾಜಕೀಯ ಸಮಾನತೆಯ ಮಾತೂ ಇದೆ. ಅಮೆರಿಕದ ಕೋರ್ಟ್ ಪರಕೀಯ ಅಂದ ಮಾತನ್ನು ನಮ್ಮ ಕೋರ್ಟ್ ನಮ್ಮ ಸಂವಿಧಾನದಲ್ಲೇ ಕಂಡಿತು. ಆ ಎಳೆಯನ್ನು ನಾವು ಬಿಡಬಾರದು. ಇಲ್ಲೂ ಅಭ್ಯರ್ಥಿಯ ಖರ್ಚಿಗೆ ಮಿತಿ ಇದೆ, ಪಕ್ಷದ ಖರ್ಚಿಗೆ ಇಲ್ಲ. ಮೀಸಲು ಕ್ಷೇತ್ರದಲ್ಲೂ ಟಿಕೆಟ್ ಯಾರಿಗೆ ಅಂತ ತೀರ್ಮಾನಿಸೋ ಕೋಣೆಯಲ್ಲಿ ನಾವು ಎಷ್ಟು ಜನ ಇರ್ತೀವಿ, ಯೋಚಿಸಿ.

ಹಾಗಾಗಿ ಮುಂದಿನ ಸಲ ಚುನಾವಣೆಯ ದುಡ್ಡಿನ ಬಗ್ಗೆ ಚರ್ಚೆ ಬಂದಾಗ 'ಭ್ರಷ್ಟಾಚಾರ' ಅಂತ ಹೇಳಿ ಸುಮ್ಮನಾಗಬೇಡಿ. ಅಷ್ಟನ್ನು ಟಿಲ್‌ಮನ್ ಕೂಡ ಹೇಳಿದ್ದ. ರಾಬರ್ಟ್ ಸ್ಮಾಲ್ಸ್, ಆ್ಯನಿ ಹಾರ್ಪರ್, ಥರ್ಗುಡ್ ಮಾರ್ಷಲ್ ಕೇಳಿದ ಪ್ರಶ್ನೆ ಕೇಳಿ: ನನ್ನ ಓಟಿಗೂ ಅವನ ಓಟಿಗೂ ಒಂದೇ ಬೆಲೆ ಇದೆಯಾ?

ಜೈ ಭೀಮ್.